ಹನಿಯ ಕಾವಲು

ಹೊರಗೆ ಮೈನಸ್ ಮೂವತ್ತೊಂದು.
ಒಳಗೆ, ಉಲಾನ್‌ಬಾತರಿನ ಐದನೆಯ ಮಹಡಿಯಲ್ಲಿ,
ಬರೀ ಬನಿಯನ್ನಿನಲ್ಲಿ ಕೂತಿದ್ದೇನೆ
ಒಂದು ಯಂತ್ರವನ್ನು ತಣ್ಣಗಿಡುವ ಚಿಂತೆಯಲ್ಲಿ.

ನಗುವುದಾದರೆ ನಗಿ.
ಊರಾಚೆಯ ಸ್ಥಾವರದಿಂದ ಹೊರಟ ಬಿಸಿನೀರು
ನಮ್ಮ ಗೋಡೆಯ ಕೊಳವೆಗಳಲ್ಲಿ ಚಳಿಗಾಲವಿಡೀ ಕುಳಕುಳಿಸುತ್ತದೆ,
ತಗ್ಗಿಸಲು ತಿರುಗಣೆಯಿಲ್ಲ.
ಕಿಟಕಿ ತೆರೆದರೆ ಕಲ್ಲಿದ್ದಲ ಹೊಗೆ, ಮುಚ್ಚಿದರೆ ಬೆವರು.
ನನ್ನ ಕಸುಬು ಮೇಕೆಯ ಕೂದಲು:
ಉಣ್ಣೆ ಕಂಪನಿಯ ಜಾಹೀರಾತಿಗೆ, ಪರದೆಯ ಮೇಲೆ,
ಒಂದೊಂದು ಎಳೆಯೂ ಗಾಳಿಗೆ ಬೇರೆ ಬೇರೆ ಅಲುಗಬೇಕು.
ಲಕ್ಷ ಎಳೆ ದಾಟುವಷ್ಟರಲ್ಲಿ ಹಳೆಯ ಕಂಪ್ಯೂಟರ್
ಏದುಸಿರು ಬಿಟ್ಟು ಕಣ್ಣು ಮುಚ್ಚುತ್ತಿತ್ತು.

"ಫ್ಯಾನಿಗೆ ಬಗ್ಗುವ ಜ್ವರವಲ್ಲ ಇದು,
ನೀರು ಹರಿಸು," ಅಂದ ಅಂಗಡಿಯ ಖುಯಾಗ್.

ಹಾಗೆ ಬಂತು ಡಬ್ಬ, ಗಡಿಯ ಲಾರಿಯೊಳಗೆ ಹನ್ನೊಂದು ದಿನ ಮರಗಟ್ಟಿ:
ಪಂಪು, ತೊಟ್ಟಿ, ತಾಮ್ರದ ಬಿಲ್ಲೆ, ಮೆದು ಕೊಳವೆ ಮೂರು ಮೀಟರ್.
ಅಗ್ಗವೆಂದು ನಾನು ಕೊಂಡಿದ್ದ ಅಲ್ಯೂಮಿನಿಯಂ ರೇಡಿಯೇಟರನ್ನು
ಖುಯಾಗ್ ಎರಡೇ ಬೆರಳಲ್ಲಿ, ಸತ್ತ ಇಲಿಯಂತೆ, ಎತ್ತಿ ಆಚೆಗಿಟ್ಟ:
"ಒಂದೇ ನೀರಲ್ಲಿ ಇವೆರಡನ್ನೂ ಕೂರಿಸಿದರೆ
ತಾಮ್ರ ಸುಮ್ಮನಿರುತ್ತೆ, ಇದು ಸವೆಯುತ್ತೆ.
ನನ್ನ ಮೊದಲ ಮದುವೆ ಹೀಗೇ."

ಮೊದಲ ಕೊಳವೆಯನ್ನು ಒಂದು ಬೆರಳು ಗಿಡ್ಡ ಕತ್ತರಿಸಿದೆ.
ಎರಡನೆಯದನ್ನೂ ಗಿಡ್ಡ, ಮೊದಲನೆಯದನ್ನೇ ಅಳತೆಗಿಟ್ಟು.

ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು.
ದುಲ್ಮಾ, ಗುಡ್ಡದ ಗೆರ್ ಗುಡಾರಗಳ ನಡುವೆ ಬೆಳೆದವಳು,
ಏಳನೆಯ ವಯಸ್ಸಿಗೇ ಎರಡು ಚಕ್ರದ ಗಾಡಿಗೆ ಕ್ಯಾನು ಕಟ್ಟಿ
ನೀರಿನ ಗೂಡಂಗಡಿಯಿಂದ ಮಂಜಿನ ಏರು ಹತ್ತಿದವಳು.
ಚೆಲ್ಲಿದ್ದು ಹಾದಿಯ ಮೇಲೆ ಗಾಜಾಗುತ್ತಿತ್ತಂತೆ,
ಹಿಂದೆ ಬಂದವರು ಜಾರಿಬಿದ್ದು
ಅವಳ ಹೆಸರು ಹಿಡಿದು ಬೈಯುತ್ತಿದ್ದರಂತೆ.
"ಮಿಂಚಿನ ಮನೆಗೆ ನೀರು ಬಿಡುತ್ತೀಯಾ?" ಅಂದಳು.
ಬಟ್ಟಲ ಹಾಲಿಗೆ ಉಂಗುರಬೆರಳು ಅದ್ದಿ
ಶುಭಕ್ಕೆ ಮೂರು ಹನಿ ಸಿಡಿಸಹೊರಟಳು. ಅಡ್ಡ ಹಾರಿದೆ:
"ಮದರ್‌ಬೋರ್ಡಿನ ಮೇಲೆ ಬೇಡಮ್ಮಾ!"
ಕಿಟಕಿ ತೆರೆದು ಆಕಾಶಕ್ಕೇ ಸಿಡಿಸಿದಳು.
ಸರಿಯಾದ ವಿಳಾಸ ಅದೇ ಅಂದಳು.

ಬ್ಯಾಟರಿ ಅಂಗಡಿಯಿಂದ ತಂದ ಭಟ್ಟಿ ಇಳಿಸಿದ ನೀರು ತುಂಬಿದೆ.
ಪಂಪಿಗೆ ಮಾತ್ರ ಕರೆಂಟು;
ಮಿಕ್ಕವೆಲ್ಲ ಒಂದು ರಾತ್ರಿ ಸತ್ತಂತೆ ಮಲಗಿರಬೇಕು,
ಪ್ರತಿ ಕೀಲಿನ ಕೆಳಗೂ ಮಡಿಸಿದ ಟಿಶ್ಯೂ ಕಾಗದ.
ಗುಳ್ಳೆಗಳು ಹೊರಟವು, ಮೂಲೆಗಳಲ್ಲಿ ಮೊಂಡುಹಿಡಿದವು.
ಇಡೀ ಪೆಟ್ಟಿಗೆಯನ್ನು ಅತ್ತ ಇತ್ತ ವಾಲಿಸಿ
ಕುರಿ ಅಟ್ಟುವ ಹಾಗೆ ತೊಟ್ಟಿಗೆ ಅಟ್ಟಿದೆ.

ಮೂರು ಗಂಟೆಗೆ ಅಮ್ಮ ಎಬ್ಬಿಸಿದಳು.
ಯಾರೂ ಹೇಳದೆ ಕಾವಲು ಕೂತಿದ್ದಳು, ಟಾರ್ಚು ಹಿಡಿದು.
"ಬಂತು."
ಕಾಗದದ ಮೇಲೆ ಸಾಸಿವೆಯಷ್ಟು ಒದ್ದೆ.

ಪಂಪು ನಿಲ್ಲಿಸಿ, ಬಸಿದು, ಕೀಲು ಬಿಚ್ಚಿದರೆ
ಒಳಗಿರಬೇಕಾದ ರಬ್ಬರಿನ ಕಪ್ಪು ಬಳೆಯೇ ಇಲ್ಲ.
ಡಬ್ಬ ಜಾಲಾಡಿದೆವು, ಕಾರ್ಪೆಟ್ ಎತ್ತಿದೆವು, ಸೋಫಾ ಸಂದಿಗೆ ಕೈ ಹಾಕಿದೆವು.
ಕೊನೆಗೆ ಟಾರ್ಚಿನ ಬೆಳಕು ಅಕ್ಕನ ಮಗಳ ಮೇಲೆ ಬಿತ್ತು:
ಆರು ವರ್ಷದ ಅನುದಾರಿ, ಬಾಯಿ ತೆರೆದು ನಿದ್ದೆ,
ಬೆರಳಲ್ಲಿ ಕಪ್ಪು ಉಂಗುರ.

ಅಮ್ಮ ಅದನ್ನು ಬಿಡಿಸಿದ ರೀತಿ!
ಹುಡುಗಿ ಉಸಿರೆಳೆದಾಗ ತಡೆದು,
ಬಿಟ್ಟಾಗ ಒಂದು ಎಳೆಯಷ್ಟು ಜಾರಿಸಿ.
ತುಂಬಿದ ಕ್ಯಾನು ಏರು ಹತ್ತಿದ್ದು ಹೀಗೇ ಇರಬೇಕು.
ಬದಲಿಗೆ ಕೆಂಪು ಉಣ್ಣೆಯ ದಾರ ಸುತ್ತಿದಳು,
ಬೆಳಗಿನ ರಂಪಕ್ಕೆ ಹೆದರಿ.

ಮರುರಾತ್ರಿ ಕಾಗದಗಳೆಲ್ಲ ಒಣಗಿಯೇ ಇದ್ದವು.
ಗುಂಡಿ ಒತ್ತಿದೆ. ಏನೂ ಇಲ್ಲ.
ಹಿಂದಿನ ಸ್ವಿಚ್ಚು ಹಾಕಿ, ಮತ್ತೆ ಒತ್ತಿದೆ.
ಲಕ್ಷ ಎಳೆ ದಾಟಿತು, ಎರಡು ಲಕ್ಷ, ಮೇಕೆ ತಲೆ ಕೊಡವಿತು,
ಅಂಕಿ ಐವತ್ತೆಂಟಕ್ಕೇರಿ ಅಲ್ಲೇ ನಿಂತಿತು.

"ತಣ್ಣಗಿದೆ!" ಎಂದು ಕೂಗಿದೆ.
ಅಮ್ಮ ಪೆಟ್ಟಿಗೆಯ ಬೆನ್ನಿಗೆ ಕೈಯೊಡ್ಡಿ ನೋಡಿದಳು.
ಗೋಡೆಯ ಕೊಳವೆಯನ್ನೂ ಮುಟ್ಟಿ ನೋಡಿದಳು.
ಸ್ವೆಟರ್ ಕಳಚಿ ಕುರ್ಚಿಗೆ ಹಾಕುತ್ತಾ
"ಎಲ್ಲಿ?" ಅಂದಳು.